ಜವಳಿ ಬೀದಿಯ ಕೆಳಗಿನ ನೀರು

ಫೆಬ್ರವರಿ 9

ಮಾನ್ಯರೇ,

ನಮಸ್ಕಾರ. ನಾನು ನಗರ ಕೇಂದ್ರದ ಪುನರ್‌ನಿರ್ಮಾಣ ಕಚೇರಿಯಲ್ಲಿ ಯೋಜಕಿ. ನಮ್ಮಿಬ್ಬರಿಗೆ ಪರಿಚಯವಿಲ್ಲ. ನಿಮ್ಮ ವಿಳಾಸ ಕೊಟ್ಟವರು ಹಳೆಯ ಪಂಪ್‌ಹೌಸಿನ ಕಾವಲುಗಾರರು. ಫೋನ್ ಮಾಡಬೇಡಿ, ನಲವತ್ತು ವರ್ಷ ಪಂಪಿನ ಪಕ್ಕ ನಿಂತು ಅವರ ಕಿವಿ ಹೋಗಿದೆ, ಕಾಗದ ಬರೆದರೆ ಖಂಡಿತ ಉತ್ತರ ಬರುತ್ತದೆ ಎಂದರು.

ಅಕ್ಟೋಬರಿನ ಭೂಕಂಪದಲ್ಲಿ ನಗರಸಭೆಯ ದಾಖಲೆ ಕೋಣೆ ಕುಸಿದುಬಿತ್ತು. ನೆಲದಡಿಯ ನೀರಿನ ಪೈಪುಗಳ ನಕ್ಷೆ ಒಂದು ಹಾಳೆಯೂ ಉಳಿದಿಲ್ಲ. ಪೇಟೆಯ ಅವಶೇಷವನ್ನೆಲ್ಲ ಸಾಗಿಸಿ ಆಗಿದೆ. ಈಗ ಅಲ್ಲಿರುವುದು ಸಪಾಟು ನೆಲ. ಅದರ ಮೇಲೆ ರಸ್ತೆ ಎಲ್ಲಿ, ಅಂಗಡಿ ಎಲ್ಲಿ, ಚೌಕ ಎಲ್ಲಿ ಎಂದು ಗೆರೆ ಎಳೆಯುವುದು ನಮ್ಮ ಕೆಲಸ. ಮೇಲೆ ಏನು ಬರಬೇಕೆಂದು ಹೇಳಲು ನೂರು ಜನರಿದ್ದಾರೆ. ಕೆಳಗೆ ಏನಿದೆ ಎಂದು ಬಲ್ಲವರು ನೀವೊಬ್ಬರೇ. ನೆನಪಿರುವಷ್ಟನ್ನು ಬರೆದು ಕಳಿಸಿದರೆ ದೊಡ್ಡ ಉಪಕಾರ.

ಭೂಕಂಪದ ದಿನ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ಜವಳಿ ಬೀದಿಯ ಬಾಯಲ್ಲಿ ನಿಂತಿದ್ದ ನಿಮ್ಮ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದ್ದೇನೆ. ನಿವೃತ್ತರಾದ ಮೇಲೂ ಓಡಿಬಂದಿರಲ್ಲ, ಅದಕ್ಕೆ ಈ ಊರಿನ ಪರವಾಗಿ ವಂದನೆ.

ಇಂತಿ,
ಯೋಜಕಿ, ಜವಳಿ ಬೀದಿ ಮತ್ತು ಚೌಕ ವಿಭಾಗ


ಫೆಬ್ರವರಿ 20

ಮೇಡಂ ಅವರಿಗೆ ನೀರಣ್ಣನ ನಮಸ್ಕಾರ.

ನೀರಣ್ಣ ಎಂಬುದು ಪೇಟೆಯವರು ಇಟ್ಟ ಹೆಸರು. ನಿಜವಾದ ಹೆಸರು ಹಿಡಿದು ಕೂಗಿದ್ದರೆ ಅಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ, ನನ್ನನ್ನೂ ಸೇರಿಸಿ.

ನಿಮ್ಮ ಕಾಗದ ಬಂದಾಗ ನನ್ನ ತಂಗಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಸರ್ಕಾರದ ಕಾಗದ, ಏನು ಮಾಡಿಕೊಂಡು ಬಂದಿದ್ದೀಯ ಎಂದು ಕೇಳಿದಳು. ಅವಳ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತೇನೆ. ಈಗ ನಾನಿರುವುದು ಅವಳ ಮನೆಯಲ್ಲಿ. ಕೆಳಗೆ ಟೈರ್ ಅಂಗಡಿ, ಮೇಲೆ ನಾವು. ಲಾರಿ ಟೈರನ್ನು ದೊಪ್ಪೆಂದು ಎಸೆದಾಗ ಸದ್ದು ನನಗೆ ಕೇಳುವುದಿಲ್ಲ, ಆದರೆ ನೆಲ ಅದುರುತ್ತದೆ. ಪ್ರತಿ ಸಲವೂ ಮಂಚದ ಕಾಲು ಹಿಡಿದುಕೊಳ್ಳುತ್ತೇನೆ. ತಂಗಿ ನಗುತ್ತಾಳೆ, ಆಮೇಲೆ ನಗು ನಿಲ್ಲಿಸುತ್ತಾಳೆ.

ಹಳೆಯ ಕ್ಯಾಲೆಂಡರಿನ ಎರಡು ಹಾಳೆ ಅಂಟಿಸಿ ಹಿಂಬದಿಯಲ್ಲಿ ನಕ್ಷೆ ಬರೆದಿದ್ದೇನೆ. ಪೇಟೆಯಲ್ಲಿ ಒಟ್ಟು ಎಂಟು ಚೇಂಬರು. ಚೇಂಬರು ಅಂದರೆ ಇಟ್ಟಿಗೆ ಕಟ್ಟಿದ ಗುಂಡಿ, ಒಳಗೆ ವಾಲ್ವು, ಮೇಲೆ ಕಬ್ಬಿಣದ ಮುಚ್ಚಳ. ಮನೆ ಅಂಗಡಿಗಳಿಗೆ ಹೋಗುವ ನಾಲ್ಕಿಂಚಿನ ಪೈಪು ಪೂರ್ವದ ಟ್ಯಾಂಕಿನಿಂದ ಬರುತ್ತದೆ. ಬೆಂಕಿ ಬಿದ್ದರೆ ಗಾಡಿಯವರು ನೀರು ಹಿಡಿಯುವ ದಪ್ಪ ನಲ್ಲಿಗಳಿಗೆ ಬೇರೆ ಪೈಪು, ಹನ್ನೆರಡಿಂಚಿನದು, ಗುಡ್ಡದ ಮೇಲಿನ ಟ್ಯಾಂಕಿನಿಂದ. ಮೂರನೇ ಚೇಂಬರು ಕನ್ನಡಕದ ಅಂಗಡಿಯ ಮೆಟ್ಟಿಲಿನಿಂದ ಏಳು ಹೆಜ್ಜೆ. ಉಳಿದದ್ದು ನಕ್ಷೆಯಲ್ಲಿದೆ.

ಪೇಟೆ ಇದ್ದ ಹಾಗೇ ಕಟ್ಟುತ್ತೀರಿ ತಾನೆ?

ನೀರಣ್ಣ


ಮಾರ್ಚ್ 2

ನೀರಣ್ಣನವರಿಗೆ ನಮಸ್ಕಾರ.

ನಿಮ್ಮ ನಕ್ಷೆಯನ್ನು ಮೇಜಿನ ಮೇಲೆ ಹರಡಿದಾಗ ನಮ್ಮ ಮುಖ್ಯ ಯೋಜಕರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಇಷ್ಟು ನೆಟ್ಟಗೆ ಗೆರೆ ಎಳೆಯುವವರು ನಮ್ಮಲ್ಲೇ ಕಡಿಮೆ ಎಂದರು.

ಒಂದು ತೊಂದರೆ. ಮೆಟ್ಟಿಲಿನಿಂದ ಏಳು ಹೆಜ್ಜೆ ಎಂದಿದ್ದೀರಿ. ಮೆಟ್ಟಿಲಿಲ್ಲ, ಅಂಗಡಿಯಿಲ್ಲ. ಹಳೆಯ ಫೋಟೋಗಳನ್ನೂ ಅಡಿಪಾಯದ ಗುರುತುಗಳನ್ನೂ ಹೊಂದಿಸಿ ಮೆಟ್ಟಿಲಿದ್ದ ಜಾಗ ಹುಡುಕಿದೆ. ನಾನೇ ಏಳು ಹೆಜ್ಜೆ ನಡೆದು ಅಲ್ಲಿ ಅಗೆಸಿದೆ. ಬರೀ ಮಣ್ಣು. ಆಮೇಲೆ ಹೊಳೆಯಿತು, ಹೆಜ್ಜೆ ನನ್ನದು. ನಿಮ್ಮ ಹೆಜ್ಜೆ ಎಷ್ಟುದ್ದ? ಅಳೆದು ತಿಳಿಸುವಿರಾ?

ಪೇಟೆ ಇದ್ದ ಹಾಗೇ ಬರುತ್ತದೆಯೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ನಾನು ಈ ಊರಿನವಳಲ್ಲ. ವರ್ಗವಾಗಿ ಬಂದವಳು. ಹಲ್ಲಿನ ಡಾಕ್ಟರೊಬ್ಬರ ಮನೆಯಲ್ಲಿ ಬಾಡಿಗೆಗಿದ್ದೇನೆ. ಅವರು ಊರು ಬಿಟ್ಟಿದ್ದಾರೆ. ರೋಗಿಗಳು ಕಾಯುತ್ತಿದ್ದ ಕೋಣೆಯೇ ನನ್ನ ಮನೆ. ಗೋಡೆಯುದ್ದಕ್ಕೂ ಆರು ಕುರ್ಚಿ, ಎದುರಿಗೆ ಹಲ್ಲಿನ ದೊಡ್ಡ ಚಿತ್ರ. ಸಂಜೆ ಬಂದು ದಿನಕ್ಕೊಂದು ಕುರ್ಚಿಯಲ್ಲಿ ಕೂರುತ್ತೇನೆ. ಯಾರೂ ಒಳಗೆ ಕರೆಯುವುದಿಲ್ಲ.

ಇಂತಿ,
ಯೋಜಕಿ


ಮಾರ್ಚ್ 11

ಮೇಡಂ ಅವರಿಗೆ,

ತಂಗಿ ಟೇಪು ಹಿಡಿದಳು, ನಾನು ವರಾಂಡದಲ್ಲಿ ನಡೆದೆ. ಎರಡು ಅಡಿ ಎರಡು ಇಂಚು. ಬರೆಯಲು ಕೂತ ಮೇಲೆ ನೆನಪಾಯಿತು, ಆಗ ನಾನು ಕೀಲಿ ಹೊತ್ತು ನಡೆಯುತ್ತಿದ್ದೆ. ಎದೆಮಟ್ಟದ ಕಬ್ಬಿಣ, ಹೆಗಲ ಮೇಲಿದ್ದರೆ ಹೆಜ್ಜೆ ಕಿರಿದಾಗುತ್ತದೆ. ಕೀಲಿ ಈಗ ನನ್ನ ಬಳಿಯಿಲ್ಲ. ಟೈರ್ ಅಂಗಡಿಯಿಂದ ಅಷ್ಟೇ ಭಾರದ ಸರಳು ಇಸಿದುಕೊಂಡು ಬಂದು ಮತ್ತೆ ನಡೆದೆ. ಎರಡು ಅಡಿಗೆ ಒಂದು ಇಂಚು ಕಡಿಮೆ. ಅದನ್ನೇ ಹಿಡಿಯಿರಿ. ಬೀದಿಯ ಜನವೆಲ್ಲ ನಿಂತು ನೋಡಿದರು. ನಿಮ್ಮಣ್ಣನಿಗೆ ಏನಾಗಿದೆ ಎಂದು ಪಕ್ಕದ ಮನೆಯಾಕೆ ತಂಗಿಯನ್ನು ಕೇಳಿದರಂತೆ. ಸರ್ಕಾರಿ ಕೆಲಸ ಎಂದಳಂತೆ ಇವಳು.

ಆ ಆರು ಕುರ್ಚಿಯ ವಿಷಯ ಓದಿ ತಂಗಿಗೆ ಕೆಡುಕೆನಿಸಿತು. ಐದು ಕುರ್ಚಿಯನ್ನು ಒಳಗಿಡಲು ಹೇಳು, ಖಾಲಿ ಕುರ್ಚಿ ಕಣ್ಣೆದುರಿಗಿರಬಾರದು ಎಂದಳು. ಅವಳು ಹೇಳಿದ್ದನ್ನು ಬರೆದಿದ್ದೇನೆ.

ನೀರಣ್ಣ


ಮಾರ್ಚ್ 24

ನೀರಣ್ಣನವರೇ,

ನಿಮ್ಮ ಹೆಜ್ಜೆಯ ಲೆಕ್ಕ ಗುರಿ ತಪ್ಪಲಿಲ್ಲ. ಎಂಟರಲ್ಲಿ ಏಳು ಚೇಂಬರು ಸಿಕ್ಕಿವೆ. ಒಂದರ ಮುಚ್ಚಳ ತೆಗೆದಾಗ ಒಳಗೆ ಬೀಡಿಕಟ್ಟು ಇಟ್ಟಿತ್ತು, ನಿಮ್ಮದೇ ಇರಬೇಕು. ಐದು ಕುರ್ಚಿಗಳನ್ನು ಒಳಗಿಟ್ಟೆ ಎಂದು ತಂಗಿಯವರಿಗೆ ಹೇಳಿ.

ನಿನ್ನೆ ಅಂಗಡಿಯವರ ಸಭೆ ನಡೆಯಿತು. ಜವಳಿ ಬೀದಿ ಮೊದಲು ಹನ್ನೆರಡು ಅಡಿಯಿತ್ತಲ್ಲ, ಅಷ್ಟೇ ಇರಲಿ, ನಮ್ಮ ಜಾಗದಲ್ಲಿ ಒಂದು ಗೇಣೂ ಬಿಡೆವು ಎಂಬುದು ಅವರ ಹಟ. ಬೆಂಕಿ ಗಾಡಿ ಒಳಗೆ ಬರಬೇಕಾದರೆ ನಲವತ್ತು ಅಡಿ ಬೇಕೆಂಬುದು ನನ್ನದು. ಭೂಕಂಪದಲ್ಲಿ ಬಿದ್ದ ಕಟ್ಟಡಗಳಿಗಿಂತ ಆಮೇಲಿನ ಬೆಂಕಿಯೇ ಆ ಬೀದಿಯನ್ನು ತಿಂದದ್ದು. ಬದುಕಿದ್ದ ಹತ್ತೊಂಬತ್ತು ಮಂದಿ ಬೆಂಕಿಯಲ್ಲಿ ಹೋದರು. ನನ್ನ ದನಿ ಸ್ವಲ್ಪ ಏರಿತೋ ಏನೋ. ಸಭೆ ಮುಗಿದ ಮೇಲೆ ಮುಖ್ಯ ಯೋಜಕರು, "ಈ ಬೀದಿ ಅಂದ್ರೆ ನಿಮಗ್ಯಾಕೆ ಇಷ್ಟು ಹಟ?" ಎಂದು ಕೇಳಿದರು. ಕೆಲಸ ಸರ್ ಎಂದೆ.

ಒಂದು ಪ್ರಶ್ನೆ. ಆ ದಿನ ದಪ್ಪ ನಲ್ಲಿಗಳಲ್ಲಿ ಎರಡು ಬಕೆಟ್ ಕೆಸರು ಬಂದು ನಿಂತುಹೋಯಿತಂತೆ. ಭೂಕಂಪಕ್ಕೆ ಪೈಪು ಒಡೆದಿತ್ತು ಎಂದು ವರದಿಯಲ್ಲಿದೆ. ಎಲ್ಲಿ ಒಡೆದಿತ್ತು ಎಂದಿಲ್ಲ. ಗುಡ್ಡದ ಟ್ಯಾಂಕಿನಿಂದ ಬರುವ ಪೈಪು ಜವಳಿ ಬೀದಿಗೆ ಕವಲೊಡೆಯುವ ಕಡೆ, ಅಂದರೆ ಬ್ಯಾಂಕಿನ ಮೂಲೆಯಲ್ಲಿ, ಒಂದು ವಾಲ್ವು ಇರಲೇಬೇಕಲ್ಲವೇ? ನಿಮ್ಮ ನಕ್ಷೆಯಲ್ಲಿ ಅಲ್ಲಿ ಏನೂ ಇಲ್ಲ.

ಇಂತಿ,
ಯೋಜಕಿ


ಏಪ್ರಿಲ್ 6

ಮೇಡಂ ಅವರಿಗೆ,

ತಡವಾಯಿತು. ತಂಗಿಗೆ ಮೊಣಕಾಲು ನೋವು, ಅಡಿಗೆ ನನ್ನದೇ. ಮೊದಲ ದಿನ ಅನ್ನ ಗಂಜಿಯಾಯಿತು, ಎರಡನೇ ದಿನ ಗಟ್ಟಿಯಾಗಿ ಪಾತ್ರೆಗೇ ಅಂಟಿಕೊಂಡಿತು. ಇಷ್ಟು ವರ್ಷ ಊರಿಗೆಲ್ಲ ನೀರು ಅಳೆದು ಬಿಟ್ಟವನಿಗೆ ಒಂದು ಪಾತ್ರೆಗೆ ಎಷ್ಟು ನೀರು ಅಂತ ಗೊತ್ತಿಲ್ಲವಲ್ಲ ಎಂದು ಮಲಗಿದಲ್ಲಿಂದಲೇ ಹಾಸ್ಯ ಮಾಡುತ್ತಾಳೆ. ಬಿಸಿಲು ಜೋರಾಗಿದೆ. ಟೈರ್ ಅಂಗಡಿಯವರು ಬೀದಿಗೆ ನೀರು ಚಿಮುಕಿಸುತ್ತಾರೆ, ಅರ್ಧ ಗಂಟೆಯಲ್ಲಿ ಒಣಗುತ್ತದೆ. ಆ ಬೀಡಿಕಟ್ಟು ನನ್ನದೇ. ತಂಗಿಗೆ ಹೇಳಬೇಡಿ.

ಬ್ಯಾಂಕಿನ ಮೂಲೆಯಲ್ಲಿ ಏನೂ ಇದ್ದ ನೆನಪಿಲ್ಲ. ಇದ್ದರೂ ನನಗಿಂತ ಹಿಂದಿನವರ ಕಾಲದ್ದು. ಆ ಕಡೆಯ ನೆಲ ಸಡಿಲ, ಅಗೆಯುವ ಗೋಜಿಗೆ ಹೋಗಬೇಡಿ. ಅಲ್ಲಿ ಒಂದೆರಡು ಕಲ್ಲುಬೆಂಚು ಹಾಕಿಸಿ. ಪೇಟೆಗೆ ಬಂದವರಿಗೆ ಕೂರಲು ಎಲ್ಲೂ ಜಾಗವೇ ಇರಲಿಲ್ಲ.

ವಯಸ್ಸಾಯಿತು ಮೇಡಂ. ಕೆಲವು ನೆನಪಾಗುತ್ತವೆ, ಕೆಲವು ಇಲ್ಲ.

ನೀರಣ್ಣ


ಏಪ್ರಿಲ್ 14

ನೀರಣ್ಣ,

ನಿಮ್ಮನ್ನು ಇಷ್ಟೊಂದು ಕೆದಕಿ ಕೇಳಬಾರದಿತ್ತು. ನಲವತ್ತು ವರ್ಷದ ಹೆಜ್ಜೆಗಳನ್ನು ನೆನಪಿಟ್ಟವರಿಗೆ ಒಂದು ಮೂಲೆ ಮರೆತರೆ ಏನು ದೊಡ್ಡದು? ಬೇಸರ ಮಾಡಿಕೊಳ್ಳಬೇಡಿ. ಬ್ಯಾಂಕಿನ ಮೂಲೆಯಲ್ಲಿ ಅಂಗಡಿ ಬೇಡವೆಂದು ತೀರ್ಮಾನವಾಯಿತು. ನೀವು ಹೇಳಿದಂತೆ ಕಲ್ಲುಬೆಂಚು ಬರೆದಿದ್ದೇನೆ. ನೆರಳಿಗಿರಲಿ ಎಂದು ನಾನಾಗಿ ಎರಡು ಮರವನ್ನೂ ಸೇರಿಸಿದೆ. ನಕ್ಷೆಯಲ್ಲಿ ಮರವೆಂದರೆ ಒಂದು ಹಸಿರು ಸೊನ್ನೆ. ಆ ಎರಡು ಸೊನ್ನೆ ಬರೆಯಲು ಅರ್ಧ ದಿನ ತೆಗೆದುಕೊಂಡೆ.

ನೀವೂ ತಂಗಿಯೂ ಮಾತಾಡಿಕೊಳ್ಳುವುದನ್ನು ಓದಿದಾಗ ನನಗೆ ನನ್ನ ಅಕ್ಕ ನೆನಪಾಗುತ್ತಾಳೆ. ನನ್ನನ್ನು ಸಾಕಿದವಳು ಅವಳೇ. ಹದಿನೇಳು ವರ್ಷದವಳಿದ್ದಾಗ ಜಗಳವಾಡಿ ಮನೆ ಬಿಟ್ಟೆ. ಆಮೇಲೆ ವರ್ಷಕ್ಕೊಂದೆರಡು ಕಾಗದ, ಅದೂ ನಾಲ್ಕು ಸಾಲು. ಹೋಗಬೇಕು ಹೋಗಬೇಕು ಎಂದುಕೊಳ್ಳುವುದರಲ್ಲೇ ಆಯಿತು. ಇದನ್ನು ಇಲ್ಲಿ ಯಾರ ಬಳಿಯೂ ಹೇಳಿಲ್ಲ.

ಯೋಜಕಿ


ಏಪ್ರಿಲ್ 23

ತಾಯಿ,

ಹಾಗೆ ಕರೆಯಬಹುದು ತಾನೆ? ತಂಗಿ ಕರೆಯಬಹುದು ಅಂದಳು.

ನಾನೂ ಈ ತಂಗಿಯೊಡನೆ ಒಂಬತ್ತು ವರ್ಷ ಮಾತು ಬಿಟ್ಟಿದ್ದೆ. ಕಾರಣ ಈಗ ಇಬ್ಬರಿಗೂ ನೆನಪಿಲ್ಲ. ಭೂಕಂಪವಾದ ನಾಲ್ಕನೇ ದಿನ ಇವಳೇ ಬಸ್ಸು ಹಿಡಿದು ಬಂದು, ಶಾಲೆಯ ಅಂಗಳದಲ್ಲಿ ಕೂತಿದ್ದ ನನ್ನ ಕೈ ಹಿಡಿದು ಎಬ್ಬಿಸಿದಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೂ ಕೇಳುತ್ತಿರಲಿಲ್ಲ ಬಿಡಿ.

ಆದ್ದರಿಂದ ಹೇಳುತ್ತೇನೆ. ಅಕ್ಕನಿಗೆ ಒಂದು ಕಾಗದ ಬರೆಯಿರಿ. ನಾಲ್ಕು ಸಾಲಲ್ಲ, ನಾಲ್ಕು ಪುಟ. ಅವರು ಕಾಯುತ್ತಿರುತ್ತಾರೆ. ಕೋಪವಿದ್ದರೂ ಕಾಗದ ಒಡೆದು ಓದದಷ್ಟು ಕೋಪ ಯಾರಿಗೂ ಇರುವುದಿಲ್ಲ.

ನೀರಣ್ಣ


ಮೇ 19

ಮಾನ್ಯರೇ,

ವಿಷಯ: ಬ್ಯಾಂಕಿನ ಮೂಲೆಯ ಚೇಂಬರು.

ಇದೇ ತಿಂಗಳ 17ರಂದು ಸದರಿ ಜಾಗದಲ್ಲಿ ಮರ ನೆಡಲು ನೆಲ ಅಗೆಯುವಾಗ ಒಂದಡಿ ಆಳದಲ್ಲಿ ಕಬ್ಬಿಣದ ಮುಚ್ಚಳ ಸಿಕ್ಕಿತು. ಕೆಳಗೆ ಹನ್ನೆರಡಿಂಚಿನ ಪೈಪಿನ ವಾಲ್ವು ಇದೆ. ಪೈಪು ಒಡೆದಿಲ್ಲ. ವಾಲ್ವು ಪೂರ್ತಿ ಮುಚ್ಚಿತ್ತು. ತಿರುಪಿನ ಮೇಲಿನ ತುಕ್ಕು ಕನಿಷ್ಠ ಹತ್ತು ವರ್ಷದ್ದು ಎಂದು ನೀರು ಸರಬರಾಜಿನ ಇಂಜಿನಿಯರು ಅಭಿಪ್ರಾಯಪಟ್ಟಿದ್ದಾರೆ. ಎಣ್ಣೆ ಬಿಟ್ಟು, ಇಬ್ಬರು ಸೇರಿ ಮೂವತ್ತೆಂಟು ಸುತ್ತು ತಿರುಗಿಸಿದಾಗ ವಾಲ್ವು ತೆರೆಯಿತು. ಜವಳಿ ಬೀದಿಯ ನಲ್ಲಿಗಳಲ್ಲಿ ನೀರು ಬಂತು.

ಇದನ್ನು ಯಾರು, ಯಾವಾಗ, ಯಾರ ಆದೇಶದ ಮೇಲೆ ಮುಚ್ಚಿದರು ಎಂಬುದು ನಿಮಗೆ ತಿಳಿದಿದ್ದರೆ ಬರಹದಲ್ಲಿ ತಿಳಿಸತಕ್ಕದ್ದು. ಫೋಟೋ ಲಗತ್ತಿಸಿದೆ.

ಯೋಜಕಿ


ಜುಲೈ 4

ಮೇಡಂ ಅವರಿಗೆ,

ಫೋಟೋ ನೋಡಿದ ಮೇಲೆ ಆರು ವಾರ ಪೆನ್ನು ಮುಟ್ಟಲಿಲ್ಲ. ತಂಗಿ ಮೊದಲು ಬೈದಳು, ಆಮೇಲೆ ಅತ್ತಳು. ನಿನ್ನೆ ಎಲ್ಲ ಹೇಳಿದೆ. ಕೇಳಿದ ಮೇಲೆ ಒಂದು ಹಾಳೆ ತಂದು ಮುಂದಿಟ್ಟು, "ಬರಿ" ಅಂದಳು. ಅಷ್ಟೇ.

ಮುಚ್ಚಿದವನು ನಾನು. ಹನ್ನೊಂದು ವರ್ಷದ ಹಿಂದೆ, ಬೇಸಿಗೆಯಲ್ಲಿ. ಗುಡ್ಡದ ಬಡಾವಣೆಯ ಮನೆಗಳಿಗೆ ನೀರು ಏರುತ್ತಿಲ್ಲ ಎಂದು ದಿನಾ ದೂರು ಬರುತ್ತಿತ್ತು. ಅಲ್ಲಿರುವವರು ದೊಡ್ಡವರು. ಆಗಿನ ಇಂಜಿನಿಯರ್ ಸಾಹೇಬರು, ಪೇಟೆಯ ಕವಲು ಮುಚ್ಚು, ಮೇಲಕ್ಕೆ ಒತ್ತಡ ಸಿಗುತ್ತದೆ, ಮಳೆ ಬಂದ ಮೇಲೆ ತೆರೆದರಾಯಿತು ಎಂದರು. ಮುಚ್ಚಿದೆ. ಜವಳಿ ಬೀದಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಅವರ ಮನೆಯ ನೀರು ಪೂರ್ವದ ಟ್ಯಾಂಕಿನದು. ಒಣಗಿದ್ದು ದಪ್ಪ ನಲ್ಲಿಗಳು ಮಾತ್ರ. ಅವುಗಳನ್ನು ವರ್ಷಕ್ಕೊಮ್ಮೆ ಬಿಟ್ಟು ನೋಡಬೇಕು. ನೋಡಿದ್ದೇವೆ ಎಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಯಾರೂ ನೋಡಲಿಲ್ಲ.

ಮಳೆ ಬಂತು. ಸಾಹೇಬರಿಗೆ ವರ್ಗವಾಯಿತು. ಆಮೇಲೆ ಬೀದಿಗೆ ಡಾಂಬರು ಹಾಕಿದರು, ಮುಚ್ಚಳ ಅದರಡಿ ಹೋಯಿತು. ಮುಚ್ಚಿದ್ದನ್ನು ನನ್ನ ಪುಸ್ತಕದಲ್ಲಿ ನಾನು ಬರೆದಿರಲಿಲ್ಲ. ಸಾಹೇಬರು ತೀರಿಕೊಂಡು ಐದು ವರ್ಷವಾಯಿತು. ಅವರ ಮೇಲೆ ಹಾಕಿ ಕೈ ತೊಳೆದುಕೊಳ್ಳಲಾರೆ. ಅವರು ಮುಚ್ಚು ಎಂದರು, ಬರೆಯಬೇಡ ಎನ್ನಲಿಲ್ಲ.

ಭೂಕಂಪದ ದಿನ ಹೊಗೆ ಎದ್ದದ್ದು ನನ್ನ ಮನೆಯಿಂದ ಕಾಣಿಸಿತು. ಜವಳಿ ಬೀದಿಯ ಕಡೆ ಎಂದು ತಿಳಿದ ಕ್ಷಣ ಆ ವಾಲ್ವು ನೆನಪಿಗೆ ಬಂತು. ಹನ್ನೊಂದು ವರ್ಷದಲ್ಲಿ ಆವತ್ತೇ. ಕಚೇರಿಗೆ ಹಿಂತಿರುಗಿಸದೆ ಉಳಿಸಿಕೊಂಡಿದ್ದ ಕೀಲಿ ಹೊತ್ತು ಓಡಿದೆ. ಬ್ಯಾಂಕಿನ ಮುಂಭಾಗ ಪೂರ್ತಿ ಬಿದ್ದು ಆ ಮೂಲೆಯ ಮೇಲೆ ಕೂತಿತ್ತು. ಕೀಲಿಯನ್ನೇ ಮೀಟುಗೋಲು ಮಾಡಿ ಎತ್ತಲು ನೋಡಿದೆ. ಅದು ಬಾಗಿಹೋಯಿತು. ಅಲ್ಲೇ ನಿಂತೆ. ಯಾರೋ ಕುಡಿಯಲು ನೀರು ಕೊಟ್ಟು, ತಾತ ನೀವು ಕೂತ್ಕೊಳ್ಳಿ ಎಂದು ಸನ್ನೆ ಮಾಡಿದರು. ಇನ್ಯಾರೋ ಫೋಟೋ ತೆಗೆದರು. ಅದಕ್ಕೆ ನೀವು ವಂದನೆ ಹೇಳಿದಿರಿ.

ನಿಮಗೆ ಎಂಟು ಚೇಂಬರು ಎಂದು ಬರೆದೆ. ಒಂಬತ್ತು ಮೇಡಂ. ಇದನ್ನು ವರದಿಯಲ್ಲಿ ಸೇರಿಸಿ, ನನ್ನ ನಿಜವಾದ ಹೆಸರು ಹಾಕಿ.

ನೀರಣ್ಣ


ಜುಲೈ 16

ನಿಮ್ಮ ಪತ್ರವನ್ನು ಕಡತಕ್ಕೆ ಸೇರಿಸಿದ್ದೇನೆ. ತನಿಖಾ ಸಮಿತಿ ನಿಮ್ಮನ್ನು ಕರೆಸಬಹುದು.

ನಾನು ಈ ಊರಿನವಳಲ್ಲ ಎಂದು ಬರೆದಿದ್ದೆ. ಅದು ಸುಳ್ಳು. ಜವಳಿ ಬೀದಿಯಲ್ಲಿ ಗುಂಡಿ-ದಾರದ ಅಂಗಡಿ ಇಟ್ಟಿದ್ದವಳು ನನ್ನ ಅಕ್ಕ. ತೊಲೆ ಅವಳ ಕಾಲಿನ ಮೇಲೆ ಬಿದ್ದಿತ್ತು. ಬೇರೆ ಪೆಟ್ಟಾಗಿರಲಿಲ್ಲ. ಎರಡು ಗಂಟೆ ಹೊತ್ತು ಹೊರಗಿನವರ ಜೊತೆ ಮಾತಾಡುತ್ತಿದ್ದಳು. ಹೊಗೆ ಬಂದಾಗ, ನೀರೆಲ್ಲಿ ಎಂದು ಕೇಳಿದಳಂತೆ. ಬರ್ತಾ ಇದೆ ಎಂದರಂತೆ.

ಅವಳಿಗೆ ಕಾಗದ ಬರೆಯಿರಿ ಎಂದು ನೀವು ಹೇಳಿದ ದಿನ ಒಂದು ಪುಟ ಬರೆದಿದ್ದೆ.

ಯೋಜಕಿ


ಆಗಸ್ಟ್ 1

ಮೇಡಂ,

ಬರೆದದ್ದನ್ನೆಲ್ಲ ಹರಿದೆ. ಸಮಿತಿಯವರು ಕರೆಯಲಿ ಬಿಡಲಿ, ನಾನು ಬರುತ್ತೇನೆ. ನಿಮ್ಮ ಕಣ್ಣಿಗೆ ಬೀಳಬಾರದು ಎಂದಾದರೆ ಒಂದು ಸಾಲು ಬರೆಯಿರಿ, ಹಿಂದಿನ ಬಾಗಿಲಿಂದ ಬಂದು ಹೋಗುತ್ತೇನೆ.

ನೀರಣ್ಣ


ನವೆಂಬರ್ 27

ನೀರಣ್ಣ,

ಆಗಸ್ಟಿನ ನಿಮ್ಮ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಏನು ಬರೆಯಬೇಕೆಂದು ಗೊತ್ತಾಗಲಿಲ್ಲ, ಅಷ್ಟೇ.

ಸೆಪ್ಟೆಂಬರ್ 18ರಂದು ನೀವು ತಗಡಿನ ಸಭಾಂಗಣಕ್ಕೆ ಬಂದಾಗ ನಾನು ಮೂರನೆಯ ಸಾಲಿನಲ್ಲಿದ್ದೆ. ನಿಮಗೆ ನನ್ನ ಮುಖ ಗೊತ್ತಿಲ್ಲ. ಪತ್ರಿಕೆಯಲ್ಲಿ ನೋಡಿದ್ದಕ್ಕಿಂತ ಕುಳ್ಳಗಿದ್ದಿರಿ. ಸಮಿತಿಯವರು ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದು ಕೊಡುತ್ತಿದ್ದರು. ನೀವು ಒಂದೊಂದನ್ನೂ ಗಟ್ಟಿಯಾಗಿ ಓದಿ ಉತ್ತರ ಹೇಳುತ್ತಿದ್ದಿರಿ. ನಿಮ್ಮ ದನಿ ಎಷ್ಟು ದೊಡ್ಡದೆಂದು ನಿಮಗೆ ತಿಳಿಯದು. ಹೊರಗೆ ರಸ್ತೆಯಲ್ಲಿ ಹೋಗುವವರೂ ನಿಂತು ಕೇಳಿದರು. ಕೊನೆಯ ಹಾಳೆಯನ್ನು ನೀವು, "ಮುಚ್ಚಿದ್ದನ್ನು ಯಾಕೆ ಬರೆದಿಡಲಿಲ್ಲ?" ಎಂದು ಓದಿದಿರಿ. ಆ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟಿರಿ.

"ಮರೆತೆ" ಎಂದಿರಿ.

ಸಭೆಯಲ್ಲಿ ಯಾರೂ ಕೂಗಾಡಲಿಲ್ಲ. ನಿಮ್ಮ ತಂಗಿಯವರು ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. ನಾನು ಎದ್ದು ಬಾಗಿಲವರೆಗೆ ಬಂದೆ. ಹತ್ತಿರ ಬಂದಿದ್ದರೂ ನೀವು ಕೇಳಿಸಿಕೊಳ್ಳಲು ನಾನು ಕೂಗಬೇಕಿತ್ತು. ಆ ಜನರ ನಡುವೆ ಕೂಗಿ ಹೇಳುವಂಥ ಮಾತು ನನ್ನಲ್ಲಿರಲಿಲ್ಲ. ನೀವಿಬ್ಬರೂ ಬಸ್ ನಿಲ್ದಾಣದ ಕಡೆ ತಿರುಗುವವರೆಗೆ ನೋಡುತ್ತಿದ್ದೆ.

ಕೆಲಸದ ವಿಷಯ ಹೇಳುತ್ತೇನೆ. ಅಕ್ಕನ ಸಂಗತಿಯನ್ನು ಜುಲೈನಲ್ಲೇ ಮುಖ್ಯ ಯೋಜಕರಿಗೆ ತಿಳಿಸಿದೆ. ಮೊದಲೇ ಹೇಳಬೇಕಿತ್ತು ಎಂದರು. ನಿಜ. ಜವಳಿ ಬೀದಿಯ ಕಡತ ಬೇರೆಯವರ ಕೈಗೆ ಹೋಯಿತು. ಈಗ ನಾನು ಬಸ್ ನಿಲ್ದಾಣದ ಹಿಂದಿನ ಗೋದಾಮುಗಳಿಗೆ ಗೆರೆ ಎಳೆಯುತ್ತಿದ್ದೇನೆ. ಕಡತ ತೆಗೆದುಕೊಂಡವರು ಒಳ್ಳೆಯವರು, ದಿನಾ ಸಂಜೆ ಬಂದು ಒಂದಲ್ಲ ಒಂದು ಕೇಳಿ ಹೋಗುತ್ತಾರೆ. ಕೊನೆಗೆ ಬೀದಿ ಮೂವತ್ತು ಅಡಿಯೆಂದು ನಿಂತಿತು. ನಲವತ್ತು ಸಿಗಲಿಲ್ಲ. ದಪ್ಪ ನಲ್ಲಿಗಳಿಗೆ ಇನ್ನು ಎರಡು ಕಡೆಯಿಂದ ನೀರು. ಒಂದು ಕಡೆ ಯಾರಾದರೂ ಮುಚ್ಚಿ ಮರೆತರೂ ಇನ್ನೊಂದು ಕಡೆಯಿಂದ ಬರುತ್ತದೆ. ಮರೆಯುತ್ತಾರೆ ಎಂದುಕೊಂಡೇ ಕಟ್ಟಬೇಕು ಎಂದು ಆ ದಿನ ಸಮಿತಿಯವರು ಬರೆದುಕೊಂಡರು. ನಿಮ್ಮ ಮಾತಿನಿಂದ ಬಂದದ್ದು ಅದು.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ನನ್ನಿಂದ ಅದು ಆಗಿಲ್ಲ. ಮುಂದೆ ಆಗುತ್ತದೆಯೋ ಗೊತ್ತಿಲ್ಲ.

ಆದರೆ ಒಂದು ಕೇಳಬೇಕಿದೆ. ಇಪ್ಪತ್ತೆರಡು ವರ್ಷ ನಾನು ಅಕ್ಕನನ್ನು ನೋಡಲಿಲ್ಲ. ಅವಳ ಕೂದಲು ಎಷ್ಟು ನರೆತಿತ್ತು ಎಂಬುದೂ ನನಗೆ ತಿಳಿಯದು. ಪಕ್ಕದ ಕನ್ನಡಕದ ಅಂಗಡಿಯವರು ಬದುಕಿದ್ದಾರೆ, ಆದರೆ ಅವಳ ವಿಷಯ ಎಲ್ಲಿಂದ ಶುರು ಮಾಡಿದರೂ ಆ ದಿನಕ್ಕೇ ಬಂದು ನಿಲ್ಲುತ್ತಾರೆ. ಅವರನ್ನು ಇನ್ನು ಕೇಳಲಾರೆ. ನೀವು ದಿನಾ ಬೆಳಿಗ್ಗೆ ಆ ಬೀದಿಗೆ ಹೋಗುತ್ತಿದ್ದಿರಿ. ಅವಳ ಬಗ್ಗೆ ನಿಮಗೆ ಏನು ಗೊತ್ತೋ ಬರೆಯಿರಿ. ಸಣ್ಣದಾದರೂ ಪರವಾಗಿಲ್ಲ.

ಯೋಜಕಿ


ಡಿಸೆಂಬರ್ 11

ತಾಯಿ,

ಕೇಳಿದ್ದನ್ನು ಬರೆಯುತ್ತೇನೆ. ಗೊತ್ತಿರುವಷ್ಟೇ ಬರೆಯುತ್ತೇನೆ.

ನಾನು ನಿವೃತ್ತನಾಗುವ ಹೊತ್ತಿಗೆ ನಿಮ್ಮ ಅಕ್ಕನ ಕೂದಲು ಮುಂದೆ ಪೂರ್ತಿ ಬೆಳ್ಳಗಾಗಿತ್ತು, ಹಿಂದೆ ಕಪ್ಪಿತ್ತು. ಬಣ್ಣ ಹಚ್ಚುತ್ತಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಬೀದಿಯ ಬಾಯಿಯ ವಾಲ್ವು ತಿರುಗಿಸಲು ನಾನು ಬರುವ ಹೊತ್ತಿಗೆ ಅಂಗಡಿಯ ಮೆಟ್ಟಿಲಿನ ಮೇಲೆ ಕೂತು, ಮೊರದಲ್ಲಿ ಗುಂಡಿ ಹರಡಿಕೊಂಡು ಬಣ್ಣ ಬಣ್ಣ ಬೇರೆ ಮಾಡುತ್ತಿದ್ದರು. ಕೆಂಪು ಒಂದು ಡಬ್ಬಿಗೆ, ನೀಲಿ ಒಂದಕ್ಕೆ. ಬೀದಿಯಲ್ಲಿ ಮೊದಲು ಏಳುತ್ತಿದ್ದವರು ಅವರೇ.

ಮುಂಗೋಪ. ನೀರು ಸಣ್ಣಗೆ ಬಂದರೆ ಖಾಲಿ ಕೊಡ ತಂದು ನನ್ನ ಕಾಲ ಬುಡದಲ್ಲಿ ಕುಕ್ಕುತ್ತಿದ್ದರು. ಕೊಡದ ಸದ್ದು ಕೇಳಿಸದಿದ್ದರೂ ಮುಖ ನೋಡಿದರೆ ಸಾಕಿತ್ತು. ಇವತ್ತು ಎಷ್ಟು ಹೊತ್ತು ನೀರು ಎಂದು ಬೆರಳು ಮಡಚಿ ಕೇಳುತ್ತಿದ್ದರು, ನಾನು ಬೆರಳಲ್ಲೇ ಹೇಳುತ್ತಿದ್ದೆ. ಒಂದು ಸಲ ನಾನು ಚೇಂಬರಿನೊಳಗೆ ಸೊಂಟದವರೆಗೆ ಇಳಿದು ಕೆಸರು ಮೆತ್ತಿಕೊಂಡು ನಿಂತಿದ್ದಾಗ ಮೇಲಿನಿಂದ ಬಗ್ಗಿ, "ನಂದೂ ಗುಂಡಿ ವ್ಯಾಪಾರ, ನಿಂದೂ ಗುಂಡಿ ವ್ಯಾಪಾರ. ನಂದು ಸ್ವಲ್ಪ ಚೊಕ್ಕ" ಅಂದರು. ತುಟಿ ನೋಡಿ ತಿಳಿದುಕೊಂಡೆ. ಅವರು ನಕ್ಕಿದ್ದನ್ನು ನಾನು ಕಂಡದ್ದು ಆವತ್ತೊಂದೇ ಸಲ.

ತಂಗಿಯೊಬ್ಬಳಿದ್ದಾಳೆ ಎಂದು ಅವರು ಯಾವತ್ತೂ ನನಗೆ ಹೇಳಲಿಲ್ಲ. ನಿಮ್ಮ ವಿಷಯ ದಿನಾ ಮಾತಾಡುತ್ತಿದ್ದರು ಎಂದು ಬರೆದಿದ್ದರೆ ನಿಮಗೆ ಸಮಾಧಾನವಾಗುತ್ತಿತ್ತು. ನನ್ನ ತಂಗಿಯೂ ಹಾಗೇ ಬರಿ ಎಂದಳು. ನಿಮಗೆ ಒಮ್ಮೆ ಸುಳ್ಳು ಬರೆದದ್ದು ಸಾಕು.

ಒಂದು ಸಂಗತಿ ಇದೆ. ನಾನು ನಿವೃತ್ತನಾಗುವ ವರ್ಷ ಅವರು ಅಂಗಡಿಯ ಮೇಲೆ ಒಂದು ಕೋಣೆ ಕಟ್ಟಿಸಿದರು. ಅಲ್ಲಿಗೆ ನೀರು ಹತ್ತುತ್ತದೆಯೇ ಎಂದು ಕೇಳಿದರು. ಬೆಳಿಗ್ಗೆ ಹೊತ್ತು ಹತ್ತುತ್ತದೆ ಎಂದೆ. ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿದ್ದಕ್ಕೆ, "ಬಾಡಿಗೆಗಲ್ಲ. ಬರೋರಿದಾರೆ" ಅಂದರು. ನಾನೇ ಅರ್ಧ ಇಂಚಿನ ಪೈಪು ಏರಿಸಿ ನಲ್ಲಿ ಕೂರಿಸಿಕೊಟ್ಟೆ. ಆ ದಿನ ಬಡಗಿ ಕಿಟಕಿಯ ಕೆಳಗೆ ಮೇಜು ಜೋಡಿಸುತ್ತಿದ್ದ. ಮಂಚಕ್ಕಿಂತ ಉದ್ದದ ಮೇಜು, ನಕ್ಷೆ ಹರಡಿ ಬರೆಯುವಂಥದ್ದು. ಬೆಳಕು ಎಡಗಡೆಯಿಂದ ಬೀಳಬೇಕು ಎಂದು ಅವನ ಕೈಲಿ ಎರಡು ಸಲ ಅದರ ಜಾಗ ಬದಲು ಮಾಡಿಸಿದರು. ಇಷ್ಟು ದೊಡ್ಡದು ಯಾರಿಗಮ್ಮ ಎಂದು ಅವನೂ ಕೇಳಿದ. ಅವರು ಮೇಜಿನ ಮೇಲಿನ ಮರದ ಪುಡಿಯನ್ನು ಕೈಯಿಂದ ಒರೆಸಿದರು.

ಆ ಕೋಣೆಗೆ ಯಾರೂ ಬಂದದ್ದನ್ನು ನಾನು ಕಾಣಲಿಲ್ಲ. ಕೆಲಸ ಬಿಟ್ಟ ಮೇಲೂ ಬೆಳಗಿನ ಹೊತ್ತು ಆ ಬೀದಿಯಲ್ಲಿ ಒಂದು ಸುತ್ತು ಹಾಕುವ ಅಭ್ಯಾಸ ನನಗೆ ಹೋಗಿರಲಿಲ್ಲ. ಬಳಸದ ನಲ್ಲಿ ತುಕ್ಕು ಹಿಡಿಯುತ್ತದೆ, ವಾರಕ್ಕೊಮ್ಮೆಯಾದರೂ ಬಿಡಿ ಎಂದು ಅವರಿಗೆ ಹೇಳಿಕೊಟ್ಟಿದ್ದೆ. ಪ್ರತಿ ಸೋಮವಾರ ಬೆಳಿಗ್ಗೆ ಗುಂಡಿಯ ಮೊರ ಪಕ್ಕಕ್ಕಿಟ್ಟು ಮೇಲೆ ಹತ್ತುತ್ತಿದ್ದರು. ನಲ್ಲಿ ಬಿಟ್ಟು, ಕೆಂಪು ನೀರು ಹೋಗಿ ತಿಳಿನೀರು ಬರುವವರೆಗೆ ಕಾದು, ನಿಲ್ಲಿಸಿ, ಬಾಗಿಲಿಗೆ ಬೀಗ ಹಾಕಿಕೊಂಡು ಇಳಿದು ಬರುತ್ತಿದ್ದರು.

ನೀರಣ್ಣ